ಬಿಪಿ ಮಾತ್ರೆ: ಔಷಧಿ ಅಂಗಡಿಯ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಮ್ಮ ಔಷಧಿ ಅಂಗಡಿ ಇದೆ. ಸಂತೆ ದಿನ ಜನ ಜಾಸ್ತಿ. ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದು ಕೈಯಲ್ಲಿ ಖಾಲಿಯಾದ ಮಾತ್ರೆ ಶೀಟು. "ಇದೇ ಕೊಡಿ" ಅನ್ನುತ್ತಾರೆ. ಹೋಗುವ ಮುಂಚೆ, ಡಾಕ್ಟರ ಹತ್ತಿರ ಕೇಳಲು ಹಿಂಜರಿದ ಪ್ರಶ್ನೆಯೊಂದನ್ನು ಮೆಲ್ಲಗೆ ಕೇಳುತ್ತಾರೆ. ಆ ಪ್ರಶ್ನೆಗಳೇ ಇಲ್ಲಿವೆ.

2025ರ ಜೂನ್, ಜುಲೈ ನೆನಪಿದೆ ಅಲ್ವಾ? ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನಾ ಬರುತ್ತಿತ್ತು. ಜನ ಹೆದರಿ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಆಗ ಮೊದಲ ಸಲ ಬಿಪಿ ನೋಡಿಸಿಕೊಂಡು ಮಾತ್ರೆ ಶುರು ಮಾಡಿದವರು ನಮ್ಮ ಅಂಗಡಿಗೂ ಬಂದರು. ಅವರಲ್ಲಿ ಕೆಲವರು ಈಗ ಬರುತ್ತಿಲ್ಲ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆದಿದ್ದೇನೆ.

ಬಿಪಿ ನಾರ್ಮಲ್ ಬಂದಿದೆ. ಇನ್ನು ಮಾತ್ರೆ ಬಿಡಬಹುದಲ್ವಾ?

ನಾರ್ಮಲ್ ಬಂದಿರುವುದು ಮಾತ್ರೆ ತಗೊಳ್ಳುತ್ತಿರುವುದರಿಂದ. ಬಿಟ್ಟರೆ ಕೆಲವು ದಿನಗಳಲ್ಲೋ ವಾರಗಳಲ್ಲೋ ಬಿಪಿ ಮತ್ತೆ ಮೇಲೇರುತ್ತದೆ. ಏರಿದ್ದು ನಿಮಗೆ ಗೊತ್ತಾಗುವುದಿಲ್ಲ. ಮೋಸ ಹೋಗುವುದು ಇಲ್ಲೇ. ಜ್ವರ ಬಂದರೆ ಮೈ ಸುಡುತ್ತದೆ, ಹಲ್ಲು ಕೆಟ್ಟರೆ ನೋಯುತ್ತದೆ. ಬಿಪಿ 170 ಇದ್ದರೂ ಬಹಳ ಜನಕ್ಕೆ ಏನೂ ಅನ್ನಿಸುವುದಿಲ್ಲ. ತಲೆನೋವು ಇಲ್ಲ, ಸುತ್ತು ಇಲ್ಲ, ತೋಟದ ಕೆಲಸ ಎಂದಿನಂತೆ ನಡೆಯುತ್ತಿರುತ್ತದೆ. ಒಳಗೆ ರಕ್ತನಾಳ, ಹೃದಯ, ಕಿಡ್ನಿ ಸವೆಯುತ್ತಿರುತ್ತವೆ.

ನನ್ನ ತಂದೆಗೆ ದಿನಕ್ಕೊಂದು ಆಮ್ಲೊಡಿಪಿನ್ 5 ಮಿಲಿಗ್ರಾಂ ಬಿಪಿ ಮಾತ್ರೆ ಇತ್ತು. ಕಾಫಿ ಕೊಯ್ಲಿನ ಸಮಯದಲ್ಲಿ ಮಾತ್ರೆ ತೀರಿತು. ಆಳು ಸಿಗುತ್ತಿರಲಿಲ್ಲ, ಕಣದಲ್ಲಿ ಕಾಫಿ ಹರಡಿತ್ತು. "ಚೆನ್ನಾಗಿಯೇ ಇದ್ದೀನಿ, ಕೊಯ್ಲು ಮುಗಿಯಲಿ" ಅಂದುಕೊಂಡರು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕೈಯಿಂದ ಲೋಟ ಜಾರಿತು. ಬಾಯಿ ಓರೆಯಾಯಿತು. ಬದುಕಿದರು. ಆದರೆ ಬಲಗೈಗೆ ಮೊದಲಿನ ಬಲ ಬರಲೇ ಇಲ್ಲ. ದಿನಾ ನೂರಾರು ಜನಕ್ಕೆ ಮಾತ್ರೆ ಕೊಡುವ ನಾನು, ಅಪ್ಪನ ಡಬ್ಬಿ ಖಾಲಿಯಾಗಿದ್ದನ್ನು ನೋಡಿರಲಿಲ್ಲ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿ, ಕುಡಿತ ಬಿಟ್ಟವರಿಗೆ ಡಾಕ್ಟರೇ ಡೋಸ್ ಇಳಿಸುವುದುಂಟು. ಕೆಲವರಿಗೆ ನಿಲ್ಲಿಸುವುದೂ ಉಂಟು. ಅದು ಅವರು ನೋಡಿ, ಹಂತ ಹಂತವಾಗಿ ಮಾಡುವ ಕೆಲಸ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೊನಿಡಿನ್ ತಗೊಳ್ಳುವವರು ಒಮ್ಮೆಲೇ ನಿಲ್ಲಿಸಲೇಬಾರದು. ನಿಲ್ಲಿಸಿದರೆ ಬಿಪಿ, ನಾಡಿಬಡಿತ ಒಮ್ಮೆಲೇ ಏರಿ ಎದೆನೋವು ಬರಬಹುದು.

ಒಮ್ಮೆ ಶುರು ಮಾಡಿದರೆ ಅಭ್ಯಾಸ ಆಗಿಬಿಡುತ್ತದಂತೆ? ಕಿಡ್ನಿಯೂ ಹೋಗುತ್ತದಂತೆ?

ಕನ್ನಡಕ ಹಾಕಿಕೊಂಡರೆ ಅಭ್ಯಾಸವಾಯಿತು ಅನ್ನುತ್ತೇವೆಯೇ? ಕಣ್ಣಿಗೆ ಬೇಕು, ಹಾಕುತ್ತೇವೆ. ಇದೂ ಹಾಗೆಯೇ. ಇದು ಚಟ ಹಿಡಿಸುವ ಔಷಧಿ ಅಲ್ಲ.

ಕಿಡ್ನಿ ವಿಷಯದಲ್ಲಿ ಮಾತು ಪೂರ್ತಿ ಉಲ್ಟಾ ಆಗಿದೆ. ಕಿಡ್ನಿ ಹಾಳು ಮಾಡುವುದು ಹತೋಟಿಗೆ ಬಾರದ ಬಿಪಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಮಾತ್ರೆಗಳನ್ನು ಶುಗರ್ ಇರುವವರಿಗೆ ಕಿಡ್ನಿ ಉಳಿಯಲಿ ಅಂತಲೇ ಬರೆಯುತ್ತಾರೆ. ಆದರೆ ಇವನ್ನು ಶುರು ಮಾಡಿದ ಕೆಲವು ವಾರಗಳಲ್ಲಿ ರಕ್ತದ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ಅಂಶ) ಮತ್ತು ಪೊಟ್ಯಾಸಿಯಮ್ ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಬೇಕು. ಡಾಕ್ಟರು ಆ ಟೆಸ್ಟ್ ಬರೆದರೆ "ಸುಮ್ನೆ ದುಡ್ಡು" ಅಂತ ಬಿಡಬೇಡಿ.

ಬೆಳಿಗ್ಗೆ ತಗೊಳ್ಳಬೇಕೋ, ರಾತ್ರಿಯೋ?

ಚೀಟಿಯಲ್ಲಿ ಬರೆದ ಹೊತ್ತಿಗೆ. ಈ ಬಗ್ಗೆ ಮೊಬೈಲಿನಲ್ಲಿ ಬಹಳ ಮಾತು ಹರಿದಾಡುತ್ತದೆ. ಬ್ರಿಟನ್ನಿನಲ್ಲಿ ಸುಮಾರು 21 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿ ಮಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ತಗೊಂಡವರಿಗೂ ಸಂಜೆ ತಗೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ದಿನಾ ಒಂದೇ ಹೊತ್ತಿಗೆ ತಗೊಳ್ಳುವುದು ಮುಖ್ಯ. ನಮ್ಮ ಕಡೆ ಬೆಳಗಿನ ಕಾಫಿಯನ್ನು ಯಾರೂ ಮರೆಯುವುದಿಲ್ಲ. ಮಾತ್ರೆಯನ್ನು ಅದಕ್ಕೆ ಜೋಡಿಸಿಕೊಳ್ಳಿ: ಮೊದಲು ನೀರಿನಲ್ಲಿ ಮಾತ್ರೆ, ಆಮೇಲೆ ಕಾಫಿ. ಬಹುತೇಕ ಬಿಪಿ ಮಾತ್ರೆಗಳನ್ನು ಊಟಕ್ಕೆ ಮೊದಲೂ ತಗೊಳ್ಳಬಹುದು, ಆದ ಮೇಲೂ ತಗೊಳ್ಳಬಹುದು.

ಮೂತ್ರ ಜಾಸ್ತಿ ಮಾಡಿಸುವ 'ನೀರಿನ ಮಾತ್ರೆ' ಇದ್ದರೆ ಬೆಳಿಗ್ಗೆಯೇ ಒಳ್ಳೆಯದು. ರಾತ್ರಿ ತಗೊಂಡರೆ ನಿದ್ದೆಗಣ್ಣಿನಲ್ಲಿ ಎದ್ದೆದ್ದು ಓಡಾಡಬೇಕಾಗುತ್ತದೆ. ವಯಸ್ಸಾದವರು ಬೀಳುವುದು ಆಗಲೇ.

ಒಂದು ದಿನ ಮರೆತರೆ ಮರುದಿನ ಎರಡು ತಗೊಳ್ಳಲೇ?

ಬೇಡ. ಅದೇ ದಿನ ನೆನಪಾದರೆ ಆಗಲೇ ತಗೊಳ್ಳಿ. ಮರುದಿನದ ಹೊತ್ತು ಹತ್ತಿರ ಬಂದಿದ್ದರೆ ಹಿಂದಿನದನ್ನು ಬಿಟ್ಟು, ಎಂದಿನಂತೆ ಒಂದೇ ತಗೊಳ್ಳಿ. ಒಂದು ದಿನ ತಪ್ಪಿತು ಅಂತ ಗಾಬರಿ ಬೇಡ. ತಗೊಂಡೆನೋ ಇಲ್ಲವೋ ಅನ್ನುವ ಅನುಮಾನ ಬಂದರೆ ಆ ದಿನ ಮತ್ತೆ ತಗೊಳ್ಳಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಹಾಕುವವರಿಗೆ ಈ ಅನುಮಾನವೇ ಬರುವುದಿಲ್ಲ.

ಹೊಸ ಶೀಟಿನ ಮೇಲೆ ಹೆಸರಿನ ಮುಂದೆ 'ಎಎಂ', 'ಎಚ್' ಅಂತ ಇದೆ. ಹಳೆಯದೂ ಇದೂ ಒಂದೇನಾ?

ಒಂದೇ ಅಲ್ಲ. ದಯವಿಟ್ಟು ಇದನ್ನು ಗಮನಿಸಿ ಓದಿ. ಸಾಮಾನ್ಯವಾಗಿ 'ಎಎಂ' ಅಂದರೆ ಆಮ್ಲೊಡಿಪಿನ್ ಸೇರಿದೆ ಅಂತ. 'ಎಚ್' ಅಂದರೆ ಹೈಡ್ರೊಕ್ಲೋರೊಥಯಾಜೈಡ್ ಅನ್ನುವ ನೀರಿನ ಮಾತ್ರೆ ಸೇರಿದೆ ಅಂತ. ಡಾಕ್ಟರು ಎರಡು ಬೇರೆ ಮಾತ್ರೆ ನಿಲ್ಲಿಸಿ ಒಂದೇ ಜೋಡಿ ಮಾತ್ರೆ ಬರೆದಿರುತ್ತಾರೆ. ಮನೆಯಲ್ಲಿ ಹಳೆಯ ಶೀಟು ಉಳಿದಿರುತ್ತದೆ. "ಇದೂ ಮುಗಿಯಲಿ" ಅಂತ ಎರಡನ್ನೂ ನುಂಗುತ್ತಾರೆ. ಡೋಸ್ ದುಪ್ಪಟ್ಟಾಗಿ ತಲೆ ಸುತ್ತಿ ಬೀಳುತ್ತಾರೆ. ಔಷಧಿ ಬದಲಾದಾಗ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ತಂದು ಅಂಗಡಿಯಲ್ಲಿ ತೋರಿಸಿ. ದೊಡ್ಡ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ನೋಡಬೇಕು.

ಮಾತ್ರೆ ಶುರುವಾದ ಮೇಲೆ ಕಾಲು ಊದಿದೆ. ಇನ್ನೊಬ್ಬರಿಗೆ ಕೆಮ್ಮು ನಿಲ್ಲುತ್ತಿಲ್ಲ. ಏನು ಮಾಡುವುದು?

ಸಹಿಸಿಕೊಂಡು ಕೂರಬೇಡಿ. ಹೇಳದೆ ಬಿಡಲೂ ಬೇಡಿ. ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇದೆ.

ಆಮ್ಲೊಡಿಪಿನ್‌ನಿಂದ ಪಾದದ ಗಂಟಿನ ಹತ್ತಿರ ಊತ ಬರುವುದು ಗೊತ್ತಿರುವ ತೊಂದರೆ. ಡೋಸ್ ಜಾಸ್ತಿಯಾದಷ್ಟೂ ಊತ ಜಾಸ್ತಿ. ಅಪರೂಪಕ್ಕೆ ವಸಡೂ ದಪ್ಪವಾಗುತ್ತದೆ. ಎನಾಲಾಪ್ರಿಲ್, ರಾಮಿಪ್ರಿಲ್‌ನಿಂದ ಕೆಲವರಿಗೆ ಗಂಟಲು ಕೆರೆಯುವ ಒಣಕೆಮ್ಮು ಬರುತ್ತದೆ. ಮಲೆನಾಡಿನಲ್ಲಿ ಇದನ್ನು ಥಂಡಿ ಕೆಮ್ಮು ಅಂದುಕೊಂಡು ಬಾಟಲಿಗಟ್ಟಲೆ ಸಿರಪ್ ಕುಡಿಯುವವರನ್ನು ನೋಡಿದ್ದೇನೆ. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಆ ಕೆಮ್ಮು ಹೋಗುತ್ತದೆ. ನೀರಿನ ಮಾತ್ರೆಯಿಂದ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಸೋಡಿಯಂ ಇಳಿದು ಮಂಕು, ಗೊಂದಲ, ಸುಸ್ತು ಬರುತ್ತದೆ. "ವಯಸ್ಸಾಯ್ತು, ಮರೆವು" ಅಂತ ತಳ್ಳಿಹಾಕುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿ.

ತುಟಿ, ನಾಲಿಗೆ, ಮುಖ ಊದಿದರೆ ಅಥವಾ ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಮೊದಲ ಕೆಲವು ವಾರ ಎದ್ದಾಗ ತಲೆ ಸುತ್ತುವುದು ಸಾಮಾನ್ಯ. ಹಾಸಿಗೆಯಿಂದ ಧಡಕ್ಕನೆ ಏಳಬೇಡಿ. ಒಂದು ನಿಮಿಷ ಕುಳಿತು, ಆಮೇಲೆ ನಿಲ್ಲಿ. ಸುತ್ತು ಹೋಗದಿದ್ದರೆ ತೋರಿಸಿ.

ಸೊಂಟ, ಮಂಡಿ ನೋವಿಗೆ ಮಾತ್ರೆ ಕೊಡಿ. ಬಿಪಿ ಮಾತ್ರೆ ಜೊತೆ ನಡೆಯುತ್ತಾ?

ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸುವ ಪ್ರಶ್ನೆ ಇದು. ಕಾಫಿ ಕೊಯ್ಯುವವರು, ಮೆಣಸಿನ ಬಳ್ಳಿಗೆ ಏಣಿ ಹತ್ತುವವರು, ಅಡಿಕೆ ಸುಲಿಯಲು ದಿನವಿಡೀ ಕೂರುವವರು, ನಾಟಿ ಮಾಡುವವರು, ಎಲ್ಲರಿಗೂ ಮೈಕೈ ನೋವು ಇದ್ದದ್ದೇ. ಡೈಕ್ಲೊಫಿನ್ಯಾಕ್, ಅಸಿಕ್ಲೊಫಿನ್ಯಾಕ್, ಐಬುಪ್ರೊಫೆನ್ ಇಂಥ ಮಾತ್ರೆಗಳು ಗಂಟೆಯೊಳಗೆ ನೋವು ಇಳಿಸುತ್ತವೆ. ಅದಕ್ಕೇ ಜನ ಅವನ್ನು ದಿನಾ ನುಂಗುತ್ತಾರೆ.

ಇವು ದೇಹದಲ್ಲಿ ಉಪ್ಪು ನೀರು ನಿಲ್ಲುವಂತೆ ಮಾಡುತ್ತವೆ. ಬಿಪಿ ಏರುತ್ತದೆ. ಬಿಪಿ ಮಾತ್ರೆ ಮಾಡುವ ಕೆಲಸವನ್ನು ಇವು ಕೆಡಿಸುತ್ತವೆ. "ಮಾತ್ರೆ ಪವರ್ ಸಾಲಲ್ಲ" ಅಂತ ಡೋಸ್ ಏರಿಸಿಕೊಂಡು ಬಂದವರನ್ನು ವಿಚಾರಿಸಿದಾಗ, ಎಷ್ಟೋ ಸಲ ಜೇಬಿನಲ್ಲಿ ನೋವಿನ ಮಾತ್ರೆ ಇರುತ್ತದೆ. ಇನ್ನೂ ಅಪಾಯದ್ದು ಮೂರರ ಕೂಟ: ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್, ಜೊತೆಗೆ ನೀರಿನ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ. ಬಿಸಿಲಲ್ಲಿ ಬೆವರಿ, ನೀರು ಸರಿಯಾಗಿ ಕುಡಿಯದೆ ಇದ್ದಾಗ ಈ ಮೂರೂ ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡಬಹುದು. "ಬಿಪಿ ಮಾತ್ರೆಯಿಂದ ಕಿಡ್ನಿ ಹೋಯಿತು" ಅನ್ನುವ ಕಥೆಗಳ ಹಿಂದೆ ಇಂಥ ನೋವಿನ ಮಾತ್ರೆ ಇರಬಹುದು.

ನೋವಿಗೆ ಮೊದಲು ಪ್ಯಾರಸಿಟಮಾಲ್, ಅದೂ ಹೇಳಿದ ಡೋಸಿನಲ್ಲಿ. ಬಿಸಿನೀರಿನ ಕಾವು, ಹಚ್ಚುವ ಮುಲಾಮು, ಒಂದೆರಡು ದಿನ ಬಗ್ಗುವ ಕೆಲಸಕ್ಕೆ ಬಿಡುವು. ಸೊಂಟನೋವಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುವಾಗಲೂ "ನನಗೆ ಬಿಪಿ ಇದೆ, ಈ ಮಾತ್ರೆ ತಗೊಳ್ತಿದ್ದೀನಿ" ಅಂತ ಬಾಯಿಬಿಟ್ಟು ಹೇಳಿ. ನೆಗಡಿ ಮಾತ್ರೆಗೂ ಇದೇ ಮಾತು. ಮೂಗು ಕಟ್ಟಿದ್ದನ್ನು ಬಿಡಿಸಲು ಅದರಲ್ಲಿ ಸೇರಿಸುವ ಫಿನೈಲೆಫ್ರಿನ್ ಬಿಪಿಯನ್ನೂ ಏರಿಸಬಹುದು.

ಕಷಾಯ, ನಾಟಿ ಔಷಧಿ ಜೊತೆಗೆ ತಗೊಂಡರೆ ತಪ್ಪೇನು? ಬೇರು ನಾರು ತಾನೇ?

ಬೇರು ನಾರಿಗೆ ಶಕ್ತಿ ಇದೆ. ಅದಕ್ಕೇ ಎಚ್ಚರ ಬೇಕು. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಸರ್ಪಗಂಧದ ಬೇರು ನಿಜವಾಗಿಯೂ ಬಿಪಿ ಇಳಿಸುತ್ತದೆ. ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದರ ಬಗ್ಗೆ 'ಬ್ರಿಟಿಷ್ ಹಾರ್ಟ್ ಜರ್ನಲ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತೇ ಇತ್ತ ನೋಡಿತು. ಅಂಥ ಬೇರನ್ನು ಬಿಪಿ ಮಾತ್ರೆಯ ಮೇಲೆ ಗುಟ್ಟಾಗಿ ತಗೊಂಡರೆ ಬಿಪಿ ತೀರಾ ಇಳಿಯಬಹುದು, ಮನಸ್ಸೂ ಕುಗ್ಗಬಹುದು. ಕೆಮ್ಮಿನ ಕಷಾಯಕ್ಕೆ ಹಾಕುವ ಜೇಷ್ಠಮಧು ಇದಕ್ಕೆ ವಿರುದ್ಧ. ದಿನಾ ಜಾಸ್ತಿ ತಗೊಂಡರೆ ಬಿಪಿ ಏರಿ, ಪೊಟ್ಯಾಸಿಯಮ್ ಇಳಿಯುತ್ತದೆ. ನೀವು ಏನನ್ನು ನಂಬುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ಮಾತ್ರೆ ಬರೆದ ಡಾಕ್ಟರಿಗೂ ನಾಟಿ ಔಷಧಿ ಕೊಡುವ ವೈದ್ಯರಿಗೂ ಎರಡೂ ವಿಷಯ ಗೊತ್ತಿರಲಿ.

ಉಪ್ಪು, ಕಾಫಿ, ಎಳನೀರು?

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು ಒಂದು ಟೀ ಚಮಚ, ಸಾರು ಪಲ್ಯದ್ದೆಲ್ಲ ಸೇರಿ. ಮಲೆನಾಡಿನ ಮಳೆಗಾಲದ ಊಟ ಅಂದರೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು. ಉಪ್ಪು ಅಡಗಿ ಕೂತಿರುವುದು ಇವುಗಳಲ್ಲೇ. ಪೂರ್ತಿ ಬಿಡಿ ಅಂದರೆ ಯಾರೂ ಕೇಳುವುದಿಲ್ಲ. ದಿನಾ ಇದ್ದದ್ದು ವಾರಕ್ಕೊಮ್ಮೆ ಆಗಲಿ.

ಬಿಪಿಗೆ ಒಳ್ಳೆಯದು ಅಂತ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಮ್ ಇರುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುವವರಲ್ಲಿ ಪೊಟ್ಯಾಸಿಯಮ್ ಮೊದಲೇ ಏರುವ ಸಾಧ್ಯತೆ ಇದೆ. ಕಿಡ್ನಿ ತೊಂದರೆ ಇದ್ದರಂತೂ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಕೇಳದೆ ಆ ಉಪ್ಪು ಬಳಸಬೇಡಿ. ಎಳನೀರಲ್ಲೂ ಪೊಟ್ಯಾಸಿಯಮ್ ಚೆನ್ನಾಗಿದೆ. ಅರಸೀಕೆರೆ ಕಡೆಯವರಿಗೆ ಎಳನೀರು ಬೇಡ ಅನ್ನಲು ನನಗೆ ಮನಸ್ಸಿಲ್ಲ, ಅಗತ್ಯವೂ ಇಲ್ಲ. ಕಿಡ್ನಿ ಚೆನ್ನಾಗಿದ್ದವರು ಆಗಾಗ ಒಂದು ಕುಡಿದರೆ ತೊಂದರೆ ಇಲ್ಲ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ಕಾಫಿ ಸ್ವಲ್ಪ ಹೊತ್ತು ಬಿಪಿ ಏರಿಸುತ್ತದೆ. ದಿನಕ್ಕೆ ಎರಡು ಲೋಟ ಸಾಮಾನ್ಯವಾಗಿ ಅಡ್ಡಿಯಿಲ್ಲ. ಚಿಕ್ಕಮಗಳೂರಿನವರಿಗೆ ಇದಕ್ಕಿಂತ ಕಡಿಮೆ ಹೇಳಲಾರೆ.

ಹಬ್ಬ, ಉಪವಾಸದ ದಿನ ಮಾತ್ರೆ ಬಿಡಲೇ?

ಮಾತ್ರೆ ನುಂಗಿ ಒಂದು ಲೋಟ ನೀರು ಕುಡಿದರೆ ವ್ರತ ಕೆಡುತ್ತದೆಯೇ ಅನ್ನುವುದು ನಿಮ್ಮ ಮನೆಯ ಹಿರಿಯರಿಗೆ ಬಿಟ್ಟದ್ದು. ದೇಹಕ್ಕೆ ಮಾತ್ರೆ ಬೇಕು. ನೀರೂ ಮುಟ್ಟದ ಉಪವಾಸ ಮಾಡುವವರು, ರಂಜಾನ್ ರೋಜಾ ಹಿಡಿಯುವವರು ಹದಿನೈದು ದಿನ ಮುಂಚೆಯೇ ಡಾಕ್ಟರನ್ನು ಕಂಡು ಹೊತ್ತು ಬದಲಿಸಿಕೊಳ್ಳಿ. ನೀರಿನ ಮಾತ್ರೆ ಇದ್ದರೆ ಇದು ಕಡ್ಡಾಯ.

ಹಾಸನಾಂಬೆಯ ಬಾಗಿಲು ತೆರೆದಾಗ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ದೀಪಾವಳಿಗೆ ದೇವಿರಮ್ಮನ ಬೆಟ್ಟ ಹತ್ತುವವರು ಬರೀ ಹೊಟ್ಟೆಯಲ್ಲಿ, ಬರಿಗಾಲಲ್ಲಿ ಹತ್ತುತ್ತಾರೆ. ಮಾತ್ರೆ ತಪ್ಪಿಸಬೇಡಿ, ನೀರು ಜೊತೆಗಿರಲಿ. ಹತ್ತುವಾಗ ಎದೆ ಬಿಗಿದರೆ ಅಲ್ಲೇ ಕುಳಿತುಬಿಡಿ. ಬಿಪಿ ಹತೋಟಿಯಲ್ಲಿ ಇಲ್ಲದವರು ಈ ವರ್ಷ ಕೆಳಗಿನಿಂದಲೇ ಕೈಮುಗಿಯಿರಿ.

ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಬೇಕು. ನೀರಿನ ಮಾತ್ರೆ ಬಿಡಲೇ?

ಬಿಡುವುದಕ್ಕಿಂತ ಆ ದಿನ ಊರು ಮುಟ್ಟಿದ ಮೇಲೆ ತಗೊಳ್ಳಬಹುದೇ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹೆಂಗಸರು ದಾರಿಯಲ್ಲಿ ಶೌಚಾಲಯದ ತೊಂದರೆಗೆ ಹೆದರಿ ನೀರನ್ನೂ ಕುಡಿಯದೆ ಹೋಗುತ್ತಾರೆ. ಇದು ಅವರ ತಪ್ಪಲ್ಲ. ಆದರೂ ಹಾಗೆ ಮಾಡಬೇಡಿ.

ವಾಂತಿ, ಭೇದಿ, ಜೋರು ಜ್ವರ ಇದ್ದಾಗ?

ಇದು ಫೋನ್ ಮಾಡಿ ಕೇಳಲೇಬೇಕಾದ ಸಂದರ್ಭ. ದೇಹದಲ್ಲಿ ನೀರು ಕಡಿಮೆಯಾದಾಗ ನೀರಿನ ಮಾತ್ರೆ, ಟೆಲ್ಮಿಸಾರ್ಟನ್, ರಾಮಿಪ್ರಿಲ್ ಕಿಡ್ನಿಗೆ ಹೊರೆಯಾಗಬಹುದು. ಡಾಕ್ಟರು ಒಂದೆರಡು ದಿನ ತಡೆಹಿಡಿಯಲು ಹೇಳಬಹುದು. ಊಟ ನೀರು ಸರಿಹೋದ ಮೇಲೆ ಮರೆಯದೆ ಮತ್ತೆ ಶುರು ಮಾಡಬೇಕು. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ಕೊಪ್ಪ-ಶೃಂಗೇರಿ ಕಡೆ ಬೇಸಿಗೆಗೆ ಮಂಗನ ಕಾಯಿಲೆ, ಯಾವ ಜ್ವರ ಅಂತ ಗೊತ್ತಾಗುವವರೆಗೆ ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಮುಟ್ಟಬೇಡಿ.

ಮಗಳು ಬಸುರಿ. ಅವಳಿಗೆ ಮೊದಲಿಂದ ಟೆಲ್ಮಿಸಾರ್ಟನ್ ಇದೆ.

ಇವತ್ತೇ ಡಾಕ್ಟರಿಗೆ ಹೇಳಿ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಲ್ಯಾಬೆಟಲಾಲ್, ಮೀಥೈಲ್‌ಡೋಪಾ, ನಿಫೆಡಿಪಿನ್ ತರಹದ ಬೇರೆ ಔಷಧಿಗೆ ಬದಲಿಸುತ್ತಾರೆ. ಮಗುವಿಗಾಗಿ ಯೋಚಿಸುವಾಗಲೇ ಕೇಳಿದರೆ ಇನ್ನೂ ಒಳ್ಳೆಯದು.

ಕೇಳಲು ಸಂಕೋಚ. ಮಾತ್ರೆ ಶುರುವಾದ ಮೇಲೆ ಗಂಡಸುತನಕ್ಕೆ ತೊಂದರೆ ಆಗಿದೆ.

ಸಂಕೋಚ ಬೇಡ. ಕೆಲವು ಬಿಪಿ ಮಾತ್ರೆಗಳಿಂದ ಹೀಗಾಗುವುದುಂಟು, ಬಿಪಿ ಶುಗರ್‌ನಿಂದಲೂ ಆಗುತ್ತದೆ. ಡಾಕ್ಟರು ಬೇರೆ ಮಾತ್ರೆ ಕೊಡಬಲ್ಲರು. ಗಂಡಸುತನಕ್ಕೆ ಅಂತ ತಗೊಳ್ಳುವ ಸಿಲ್ಡೆನಾಫಿಲ್ ಮಾತ್ರೆಯನ್ನು ಕೇಳದೆ ತಗೊಳ್ಳಬೇಡಿ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ಇರುವವರು ಸಿಲ್ಡೆನಾಫಿಲ್ ತಗೊಂಡರೆ ಪ್ರಾಣವೇ ಹೋಗಬಹುದು.

ಪಕ್ಕದ ಮನೆಯವರ ಬಿಪಿ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಂತೆ. ಅದನ್ನೇ ತಗೊಳ್ಳಲೇ?

ಬೇಡ. ಆಸ್ತಮಾ ಇರುವವರಿಗೆ ಅಟೆನೊಲಾಲ್ ಉಸಿರು ಕಟ್ಟಿಸಬಹುದು. ಅವರ ಮೈ ಬೇರೆ, ನಿಮ್ಮ ಮೈ ಬೇರೆ.

ಮಳೆಗಾಲದಲ್ಲಿ ಮಾತ್ರೆ ಎಲ್ಲಿಡುವುದು?

ಸಕಲೇಶಪುರ, ಮೂಡಿಗೆರೆ ಕಡೆ ಆಷಾಢದಲ್ಲಿ ಬಟ್ಟೆಯೇ ಒಣಗುವುದಿಲ್ಲ. ಮಾತ್ರೆ ಉಳಿಯುತ್ತದೆಯೇ? ಟೆಲ್ಮಿಸಾರ್ಟನ್ ಗಾಳಿಯ ತೇವ ಹೀರುತ್ತದೆ. ವಾರದ ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಿಡುವುದು ಬೇರೆ ಮಾತ್ರೆಗೆ ಸರಿ ಇರಬಹುದು, ಇದಕ್ಕೆ ಆಗದು. ತಗೊಳ್ಳುವ ಹೊತ್ತಿಗೆ ಮಾತ್ರ ಶೀಟು ಒಡೆಯಿರಿ. ಒಲೆಯ ಮೇಲಿನ ಗೂಡು, ಬಚ್ಚಲು ಮನೆ ಬೇಡ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಶೀಟು ಸಮೇತ ಹಾಕಿ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿಡಿ. ಮೆತ್ತಗಾದ, ಬಣ್ಣ ಬದಲಾದ ಮಾತ್ರೆ ನುಂಗಬೇಡಿ. ಘಾಟಿ ರಸ್ತೆ ಕುಸಿದು ಬಸ್ಸು ನಿಲ್ಲುವ ಕಾಲ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಹದಿನೈದು ದಿನದ ಮಾತ್ರೆ ಜಾಸ್ತಿಯೇ ಇರಲಿ.

ಜನೌಷಧಿಯ ಕಡಿಮೆ ಬೆಲೆಯ ಮಾತ್ರೆ ಕೆಲಸ ಮಾಡುತ್ತಾ?

ಮಾಡುತ್ತದೆ. ಔಷಧಿ ಅದೇ, ಹೆಸರು ಬೇರೆ. ಔಷಧಿ ಮಾರುವವನಾಗಿಯೇ ಇದನ್ನು ಹೇಳುತ್ತಿದ್ದೇನೆ. ದುಡ್ಡಿಲ್ಲ ಅಂತ ಮಾತ್ರೆ ಬಿಡುವ ಬದಲು ಅಲ್ಲಿ ಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿ ಮಾತ್ರೆಯನ್ನು ಉಚಿತವಾಗಿಯೇ ಕೊಡುತ್ತಾರೆ.

ಮನೆಯಲ್ಲಿ ಬಿಪಿ ನೋಡಿದರೆ ಒಂದೊಂದು ಸಲ ಒಂದೊಂದು ಬರುತ್ತದೆ.

ತೋಳಿಗೆ ಕಟ್ಟುವ ಮಿಷನ್ ಇರಲಿ, ಮಣಿಕಟ್ಟಿನದು ಬೇಡ. ಕಾಫಿ, ಬೀಡಿ, ಹೊಗೆಸೊಪ್ಪಿನ ನಂತರ ಅರ್ಧ ಗಂಟೆ ಕಾಯಿರಿ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಐದು ನಿಮಿಷ ಸುಮ್ಮನೆ ಕುಳಿತಿರಿ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆಯಿರಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ಹೀಗೆ ಒಂದು ವಾರ ಬರೆದರೆ ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ಚೀಟಿ ಇಲ್ಲ. ಮನೆಯಲ್ಲಿ ಸಾಮಾನ್ಯವಾಗಿ 135/85ಕ್ಕಿಂತ ಕಡಿಮೆ ಇರಬೇಕು. ನಿಮ್ಮ ಗುರಿ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಚಳಿಗಾಲದಲ್ಲಿ ಬಿಪಿ ಸ್ವಲ್ಪ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಡೋಸನ್ನು ನೀವೇ ಏರಿಳಿಸಬೇಡಿ.

ಒಮ್ಮೆಲೇ 190 ತೋರಿಸಿತು. ನಾಲಿಗೆ ಕೆಳಗೆ ಮಾತ್ರೆ ಇಡಲೇ?

ಇಡಬೇಡಿ. ಬಿಪಿಯನ್ನು ಧಡಕ್ಕನೆ ಇಳಿಸಿದರೆ ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಹೋಗಬಹುದು. ಐದು ನಿಮಿಷ ಕುಳಿತು ಮತ್ತೆ ನೋಡಿ. ಬೇರೆ ತೊಂದರೆ ಏನೂ ಇಲ್ಲದೆ 180/120ರ ಮೇಲೆಯೇ ಇದ್ದರೆ ಅದೇ ದಿನ ಡಾಕ್ಟರನ್ನು ಕಾಣಿ. ಅದರ ಜೊತೆ ಎದೆನೋವು, ಉಸಿರಾಟಕ್ಕೆ ಕಷ್ಟ, ಬಾಯಿ ಓರೆ, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ 108ಕ್ಕೆ ಫೋನ್ ಮಾಡಿ. ನಂಬರ್ ಎಷ್ಟೇ ಇರಲಿ, ಈ ಲಕ್ಷಣಗಳು ಕಂಡರೆ ಸಾಕು, ಹೊರಡಿ.

ಲಕ್ವಕ್ಕೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ, ಸ್ಕ್ಯಾನ್ ಮಾಡಿ ನೋಡಿದ ಮೇಲೆ ಕೊಡಬೇಕು. ತೋಟದ ಮನೆಯಿಂದ ಪಟ್ಟಣಕ್ಕೇ ಒಂದೂವರೆ ಗಂಟೆ ಹಿಡಿಯುವ ಕಡೆ ಎಷ್ಟು ಕಡಿಮೆ ಸಮಯ ಉಳಿಯುತ್ತದೆ ನೋಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಕರೆದುಕೊಂಡು ಹೋಗಿ. ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ. ತಗೊಳ್ಳುತ್ತಿದ್ದ ಮಾತ್ರೆಯ ಶೀಟುಗಳನ್ನು ಜೊತೆಗೆ ಒಯ್ಯಿರಿ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ.